ತರಗೆಲೆಯ ಪಂಜರಗಳು: ನಮ್ಮ ಬಡಾವಣೆಯ ಗೊಬ್ಬರದ ಅನುಭವ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೀದಿಯ ಕಸವೆಂದರೆ ಬಹುಪಾಲು ಎಲೆಯೇ. ಮಳೆಮರ, ಹೊಂಗೆ, ಮಹಾಗನಿ ಒಂದರ ಹಿಂದೊಂದು ಎಲೆ ಉದುರಿಸುತ್ತವೆ. ಬೆಳಗ್ಗೆ ಗುಡಿಸಿದ ರಸ್ತೆ ಮಧ್ಯಾಹ್ನಕ್ಕೆ ಮತ್ತೆ ತುಂಬಿರುತ್ತದೆ. ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಈ ಎಲೆಯನ್ನು ಚರಂಡಿಯಂಚಿನಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚುವುದು ಬಹಳ ವರ್ಷಗಳ ರೂಢಿಯಾಗಿತ್ತು. ಆ ರೂಢಿ ನಿಂತು, ಅದೇ ಎಲೆಯಿಂದ ಮನೆಗಳ ಹಸಿ ಕಸವೂ ಗೊಬ್ಬರವಾಗತೊಡಗಿದ ಬಗೆಯನ್ನು, ಕೆಲಸದಲ್ಲಿ ಮೊದಲಿನಿಂದಲೂ ಇದ್ದವನಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಗರದ ಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮಂಥವರ ಮನೆ ಬಾಗಿಲಿಗೆ ಬಂದದ್ದು 2012ರಲ್ಲಿ, ನಗರದ ಕಸ ಸುರಿಯುವ ತಾಣವಾಗಿದ್ದ ಮಾವಳ್ಳಿಪುರದ ಜನ ಇನ್ನು ಕಸ ಬೇಡವೆಂದು ಲಾರಿಗಳನ್ನು ತಡೆದಾಗ. ಆಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದ ಮೇಲೆ ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡಿನಂಥವು, ಚೀಲಕ್ಕೆ ಒಣ ಕಸ ಎಂಬುದು ಮನೆಗಳಲ್ಲಿ ಮೆಲ್ಲಗೆ ಅಭ್ಯಾಸವಾಯಿತು. ಆದರೆ ಬೀದಿಯ ಎಲೆ ಈ ಮೂರರಲ್ಲಿ ಯಾವುದಕ್ಕೂ ಸೇರುವಂಥದಲ್ಲ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶಿಸಿತು. ನಾವು ಆ ಆದೇಶದ ಸಾರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಉದ್ಯಾನದ ಗೇಟಿಗೆ ಅಂಟಿಸಿದೆವು. ಹೊಗೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಕಾರಣ ತಿಳಿಯಲು ಗುಡಿಸುವವರನ್ನೇ ಕೇಳಬೇಕಾಯಿತು. ನಮ್ಮ ಬೀದಿಗಳ ಹಿರಿಯ ಪೌರಕಾರ್ಮಿಕ ಮಹಿಳೆಯೊಬ್ಬರು ನೇರವಾಗಿ ಹೇಳಿದರು: “ಎಲೆನ ಗಾಡಿಗೆ ಹಾಕ್ಸಿಕೊಳ್ಳಲ್ಲ ಸಾರ್. ಇಲ್ಲೇ ಬಿಟ್ರೆ ಗಾಳಿಗೆ ಮತ್ತೆ ಹರಡ್ತದೆ, ಬೈಸ್ಕೊಳ್ಳೋರು ನಾವು. ಚೀಲ ತುಂಬಿ ಪಾರ್ಕಿನ ತನಕ ಹೊರೋರು ಯಾರು, ನೀವೇ ಹೇಳಿ.” ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಬಡಾವಣೆಯ ನಿವಾಸಿಗಳ ಸಂಘದಲ್ಲಿ ನಾವು ಯೋಜಿಸಿದ್ದೇ ಉದ್ಯಾನದ ಮೂಲೆಯಲ್ಲೊಂದು ದೊಡ್ಡ ಗುಂಡಿ ತೋಡಿಸಿ ಎಲ್ಲ ಎಲೆಯನ್ನೂ ಅಲ್ಲಿಗೆ ತರಿಸುವುದನ್ನು. ಆ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟು, ಎಲೆ ಬೀಳುವ ಕಡೆಯೇ ಅದನ್ನು ತುಂಬುವ ಏರ್ಪಾಡಿಗೆ ಹೊರಟೆವು. ಈ ಕೆಲಸದಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿ ಇದೇ: ಗುಡಿಸುವವರ ನಡಿಗೆಯನ್ನು ಹೆಚ್ಚಿಸುವ ಯಾವ ಏರ್ಪಾಡೂ, ಅದರ ಹಿಂದೆ ಎಷ್ಟೇ ಒಳ್ಳೆಯ ಉದ್ದೇಶವಿರಲಿ, ಒಂದು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ.

ಏರ್ಪಾಡು ಬಹಳ ಸರಳ. ವೆಲ್ಡ್ ಮಾಡಿದ ತಂತಿಜಾಲರಿಯನ್ನು ಸುತ್ತಿ, ಸುಮಾರು ನಾಲ್ಕಡಿ ಎತ್ತರ, ಅಷ್ಟೇ ಅಗಲದ ದುಂಡು ಪಂಜರ ಮಾಡಿಸಿದೆವು. ಒಳಗಡೆ ಹಸಿರು ನೆರಳು ಬಲೆ, ತಳ ಖಾಲಿ. ಪಂಜರ ನೇರವಾಗಿ ಮಣ್ಣಿನ ಮೇಲೆ ಕೂರಬೇಕು, ಇಲ್ಲವಾದರೆ ಎರೆಹುಳು ಮೇಲೆ ಬರುವುದಿಲ್ಲ, ಹೆಚ್ಚಾದ ನೀರೂ ಇಂಗುವುದಿಲ್ಲ. ಮೂರಡಿಗಿಂತ ಕಿರಿದಾದ ರಾಶಿಯಲ್ಲಿ ಕಾವು ನಿಲ್ಲದ ಕಾರಣ ಅಳತೆಯಲ್ಲಿ ಜಿಪುಣತನ ಮಾಡಬಾರದು. ಒಂದೊಂದು ಬೀದಿಯ ತುದಿಯಲ್ಲಿ, ಯಾರ ಗೇಟಿಗೂ ಅಡ್ಡವಾಗದ ಮರದ ಬುಡದ ಹತ್ತಿರ ಒಂದೊಂದು ಪಂಜರವನ್ನು ನಿಲ್ಲಿಸಲು ಪಾಲಿಕೆಯಿಂದ ಪತ್ರ ಪಡೆದೆವು. ಬುಡಕ್ಕೇ ಒರಗಿಸಿ ಇಡುವುದು ಬೇಡ. ಕಾವಿಗೂ ತೇವಕ್ಕೂ ತೊಗಟೆ ಕೆಡುತ್ತದೆ.

ಆರಂಭದಲ್ಲಿ ಎಲೆಯನ್ನಷ್ಟೇ ತುಂಬಿದೆವು. ಬರಿಯ ಒಣ ಎಲೆ ಗೊಬ್ಬರವಾಗಲು ಆರೆಂಟು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಅದೇ ಹೊತ್ತಿಗೆ ಬಡಾವಣೆಯ ಎರಡು ಅಪಾರ್ಟ್‌ಮೆಂಟುಗಳಲ್ಲಿ ಹಸಿ ಕಸದ ಕಾಂಪೋಸ್ಟ್ ಡಬ್ಬಗಳು ನಾರುತ್ತಿದ್ದವು, ಮತ್ತು ಅವುಗಳಿಗೆ ಬೆರೆಸಲು ತೆಂಗಿನ ನಾರಿನ ಪುಡಿಯನ್ನು ಅವರು ಹಣ ಕೊಟ್ಟು ತರಿಸುತ್ತಿದ್ದರು. ಒಂದು ಕಡೆ ಕೊಳ್ಳುವ ಒಣ ಪದಾರ್ಥ, ಇನ್ನೊಂದು ಕಡೆ ಸುಡುವ ಒಣ ಪದಾರ್ಥ! ತಾಂತ್ರಿಕವಾಗಿ ಹೇಳುವುದಾದರೆ, ಕಳಿಯುವ ರಾಶಿಯಲ್ಲಿ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲವಿದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿರುತ್ತವೆ. ತರಕಾರಿ ಸಿಪ್ಪೆಯಲ್ಲಿ ಇಂಗಾಲದ ಪಾಲು ಅದಕ್ಕಿಂತ ಕಡಿಮೆ, ಒಣ ಎಲೆಯಲ್ಲಿ ಬಹಳ ಹೆಚ್ಚು. ಎರಡನ್ನೂ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದು ಬಕೆಟ್ ಹಸಿ ಕಸಕ್ಕೆ ಪುಡಿಯಾದ ಎಲೆ ಎರಡು ಬಕೆಟ್, ಮಳೆಗಾಲದಲ್ಲಿ ಮೂರು ಎಂಬ ಲೆಕ್ಕ ನಮ್ಮಲ್ಲಿ ನಿಂತಿದೆ.

ತುಂಬುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ತಳಕ್ಕೆ ಕಡ್ಡಿ, ಕೊಂಬೆ ಹರಡಿ ಗಾಳಿಯಾಡುವಂತೆ ಮಾಡುತ್ತೇವೆ. ಮೇಲೆ ಒಂದಡಿ ಎಲೆ, ನಡುವೆ ಕುಳಿ ಮಾಡಿ ಹಸಿ ಕಸ, ಮತ್ತೆ ಎಲೆ. ಹಸಿ ಕಸ ಎಂದೂ ಹೊರಗೆ ಕಾಣುವಂತಿರಬಾರದು. ಮೊದಲ ಸಲಕ್ಕೆ ಸಗಣಿ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸುತ್ತೇವೆ. ನಂತರ ಹಳೆಯ ಪಂಜರದ ಅರೆಕಳಿತ ಗೊಬ್ಬರದ ಎರಡು ಬುಟ್ಟಿ ಸಾಕು, ಅಂಗಡಿಯ ಜೀವಾಣು ಪುಡಿಗಳ ಅಗತ್ಯ ನನಗಂತೂ ಕಂಡಿಲ್ಲ. ಎರಡು ಮೂರು ದಿನಕ್ಕೆ ರಾಶಿಯ ಒಡಲು ಕಾಯುತ್ತದೆ. ಕಬ್ಬಿಣದ ಸರಳೊಂದನ್ನು ಒಳಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಹಿಡಿಯಲಾರದಷ್ಟು ಬಿಸಿಯಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೆಂದು ಅರ್ಥ. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ಸಾಯುತ್ತವೆ. ತೇವ ನೋಡಲು ಒಂದು ಹಿಡಿ ತೆಗೆದು ಹಿಂಡುತ್ತೇವೆ: ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೂತ್ರದಂಥ ಘಾಟು ಬಂದರೆ ಹಸಿ ಕಸ ಹೆಚ್ಚಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಮೊದಲನೆಯದಕ್ಕೆ ಎಲೆ, ಎರಡನೆಯದಕ್ಕೆ ಮಗುಚುವುದು. ಹತ್ತು ಹದಿನೈದು ದಿನಕ್ಕೊಮ್ಮೆ ಮಗುಚುವ ಕೆಲಸಕ್ಕೆ ಉದ್ಯಾನದ ಮಾಲಿಯವರನ್ನು ಒಪ್ಪಿಸಿ ಸಂಘದಿಂದ ಪ್ರತ್ಯೇಕ ಸಂಬಳ ಕೊಡುತ್ತೇವೆ. ಉತ್ಸಾಹಿ ನಿವಾಸಿಗಳು ಭಾನುವಾರಗಳಂದು ಮಗುಚುತ್ತಾರೆ ಎಂದು ನಂಬಿ ಈ ಕೆಲಸ ಆರಂಭಿಸುವವರು ಆರಂಭಿಸದಿರುವುದೇ ಮೇಲು.

ಎಲೆಗಳಲ್ಲಿಯೂ ಜಾತಿ ನೋಡಬೇಕಾಗುತ್ತದೆ. ಮಳೆಮರದ ಪುಟ್ಟ ಎಲೆಗಳು ಬೇಗ ಕರಗುತ್ತವೆ. ಹೊಂಗೆ ದ್ವಿದಳ ಜಾತಿಯ ಮರವಾದ್ದರಿಂದ ಅದರ ಎಲೆಯಲ್ಲೂ ಬೇಸಗೆಯಲ್ಲಿ ರಸ್ತೆ ತುಂಬ ಉದುರುವ ಹೂವಿನಲ್ಲೂ ಸಾರಜನಕ ಚೆನ್ನಾಗಿರುತ್ತದೆ. ಮಾವು, ಹಲಸು, ಆಲದ ದಪ್ಪ ಎಲೆಗಳನ್ನು ಹಾಗೆಯೇ ಹಾಕಿದರೆ ಪದರಪದರವಾಗಿ ಅಂಟಿಕೊಂಡು ಗಾಳಿ ತಡೆಯುತ್ತವೆ. ಅವನ್ನು ತುಳಿದು ಪುಡಿ ಮಾಡಬೇಕು, ಇಲ್ಲವೇ ಬೇರೆ ಪಂಜರದಲ್ಲಿ ನಿಧಾನವಾಗಿ ಕಳಿಯಲು ಬಿಡಬೇಕು. ನೀಲಗಿರಿಯ ಎಲೆಯನ್ನು ನಾವು ಮುಟ್ಟುವುದಿಲ್ಲ.

ಎಲೆಯೊಂದಿಗೆ ಬರುವ ಕಸ ದೊಡ್ಡ ತಲೆನೋವು. ಗುಟ್ಕಾ ಪೊಟ್ಟಣ, ಸಿಗರೇಟಿನ ತುಂಡು, ಎಲ್ಲಕ್ಕಿಂತ ಹೆಚ್ಚಾಗಿ ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ! ಆ ಮೂಲೆಯನ್ನು ಪೂರ್ತಿ ಬೇರ್ಪಡಿಸದೆ ಪ್ಯಾಕೆಟ್ಟಿಗೆ ತೂಗಾಡಿಕೊಂಡಿರುವಂತೆ ಕತ್ತರಿಸಿರೆಂದು ಮನೆಮನೆಗೂ ಹೇಳಿದ್ದು ನಮ್ಮ ಪ್ರಚಾರದಲ್ಲಿ ಅತ್ಯಂತ ಚಿಕ್ಕ ಬೇಡಿಕೆ, ಬಹುಶಃ ಅತ್ಯಂತ ಹೆಚ್ಚು ಫಲ ಕೊಟ್ಟದ್ದು. ಮಾಂಸ, ಮೂಳೆ, ಎಣ್ಣೆ ಪದಾರ್ಥಗಳನ್ನು ಪಂಜರಕ್ಕೆ ಹಾಕಿಸುವುದಿಲ್ಲ. ಇಲಿ, ನಾಯಿಗಳ ಕಾಟ ಶುರುವಾಗುತ್ತದೆ. ಉಳಿದ ಹಾಗೆ ಈರುಳ್ಳಿ ಸಿಪ್ಪೆ, ನಿಂಬೆ ಹೋಳು, ಕಾಫಿ ಚರಟ, ದೇವರಿಗೆ ಮುಡಿಸಿದ ಹೂವು, ದಾರ ಬಿಡಿಸಿದ ಮೇಲೆ, ಎಲ್ಲವೂ ಸಲ್ಲುತ್ತವೆ.

ವಿರೋಧವೂ ಬಂತು. ಹಾವು ಸೇರಿಕೊಳ್ಳುತ್ತದೆ, ಸೊಳ್ಳೆ ಹೆಚ್ಚುತ್ತದೆ ಎಂದರು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ, ನೀರು ಇಂಗಿಹೋಗುವ ಎಲೆರಾಶಿಯಲ್ಲಲ್ಲ ಎಂದು ವಿವರಿಸಿದರೆ ಕೆಲವರು ಒಪ್ಪಿದರು. ಪಂಜರದೊಳಗೆ ಮಿಜಿಗುಡುವ ಹುಳು ಕಂಡು ಹೆದರಿದವರಿಗೆ, ಅದು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿ, ಹಸಿ ಕಸವನ್ನು ನಮಗಿಂತ ವೇಗವಾಗಿ ಮುಗಿಸುತ್ತದೆ, ಆ ನೊಣ ಮನೆನೊಣದಂತೆ ಅನ್ನದ ಮೇಲೆ ಬಂದು ಕೂರುವುದಿಲ್ಲ ಎಂದು ತೋರಿಸಿದೆವು. ಹಾವಿನ ವಿಚಾರದಲ್ಲಿ ವಾದ ಮಾಡಲು ಹೋಗಲಿಲ್ಲ. ಮಗುಚುವಾಗ ಬೂಟು, ಕೈಗವಸು ಕಡ್ಡಾಯವೆಂದು ಮಾಡಿದೆವು. ಒಂದು ಬೀದಿಯವರು ಕೊನೆಗೂ ಒಪ್ಪದಿದ್ದಾಗ ಅಲ್ಲಿನ ಪಂಜರವನ್ನು ತೆಗೆದು ಉದ್ಯಾನದೊಳಗೆ ಇಟ್ಟೆವು. ಆ ಬೀದಿಯ ಎಲೆ ಈಗಲೂ ಪಕ್ಕದ ಬೀದಿಯ ಪಂಜರಕ್ಕೆ ಹೋಗುತ್ತದೆ.

ಎಲೆ ಉದುರುವುದು ಮೂರ್ನಾಲ್ಕು ತಿಂಗಳು ಮಾತ್ರ, ಹಸಿ ಕಸ ವರ್ಷವಿಡೀ ಬರುವಂಥದು. ಆದ್ದರಿಂದ ಫೆಬ್ರುವರಿ, ಮಾರ್ಚ್‌ ತಿಂಗಳ ಗರಿಗರಿ ಎಲೆಯನ್ನು ಗೋಣಿಚೀಲಗಳಲ್ಲಿ ತುಳಿದು ತುಂಬಿ, ಟಾರ್ಪಾಲಿನ ಕೆಳಗೆ ಮಳೆಗಾಲಕ್ಕೆ ಕೂಡಿಡುತ್ತೇವೆ. ಈ ದಾಸ್ತಾನು ಕೈಲಿಲ್ಲದೆ ಜೂನ್ ತಿಂಗಳಲ್ಲಿ ಹಸಿ ಕಸದ ಕಾಂಪೋಸ್ಟ್ ಹೊಸದಾಗಿ ಶುರು ಮಾಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಹಸಿ ಕಸ ಬೆರೆಸಿದ ಪಂಜರ ಎರಡೂವರೆ ಮೂರು ತಿಂಗಳಿಗೆ ಕಪ್ಪಾಗಿ, ರಾಶಿ ಅರ್ಧಕ್ಕಿಂತ ಕೆಳಗೆ ಕುಸಿದು, ಮಣ್ಣಿನ ವಾಸನೆಗೆ ಬರುತ್ತದೆ. ಜರಡಿ ಹಿಡಿದು ಉಳಿದ ಉಂಡೆ, ಕಡ್ಡಿ, ಮಾವಿನ ವಾಟೆಗಳನ್ನು ಹೊಸ ಪಂಜರದ ತಳಕ್ಕೆ ಹಾಕುತ್ತೇವೆ. ಗೊಬ್ಬರದಲ್ಲಿ ಮೊದಲ ಪಾಲು ಉದ್ಯಾನಕ್ಕೆ, ಆಮೇಲೆ ಹಸಿ ಕಸ ಕೊಡುವ ಮನೆಗಳ ತಾರಸಿ ಕುಂಡಗಳಿಗೆ. ಉಳಿದದ್ದನ್ನು ಮಾರಿ ಬಂದ ಹಣ ಮಾಲಿಯವರ ಸಂಬಳಕ್ಕೆ ಸೇರುತ್ತದೆಯಾದರೂ ಅದಷ್ಟರಿಂದಲೇ ಸಂಬಳ ತೂಗುವುದಿಲ್ಲ, ಸಂಘದ ಚಂದಾ ಬೇಕೇ ಬೇಕು. ಎಳನೀರಿನ ಬುರುಡೆ ಮತ್ತು ತೆಂಗಿನ ಗರಿಗೆ ಮಾತ್ರ ನಮ್ಮ ಪಂಜರಗಳಲ್ಲಿ ಪರಿಹಾರವಿಲ್ಲ. ಅವನ್ನು ಚೂರು ಮಾಡುವ ಯಂತ್ರ ಒಂದೇ ಬಡಾವಣೆಗೆ ಭಾರವಾದ್ದರಿಂದ, ಅಕ್ಕಪಕ್ಕದ ಎರಡು ಸಂಘಗಳೊಂದಿಗೆ ಪಾಲುಗೂಡಿ ಬಾಡಿಗೆಗೆ ತರಿಸುವ ಮಾತುಕತೆ ನಡೆದಿದೆ. ಯಂತ್ರವನ್ನು ಎಲ್ಲಿ ನಿಲ್ಲಿಸುವುದು, ಅದರ ಸದ್ದನ್ನು ಯಾವ ಬೀದಿ ಸಹಿಸುವುದು ಎಂಬುದಷ್ಟೇ ಇನ್ನೂ ತೀರ್ಮಾನವಾಗಬೇಕಿದೆ.