ಗೂಬೆ ತಲೆ ನಿಲ್ಲಿಸುವ ಆ ಅರೆಕ್ಷಣ

ಮೊದಲ ವರ್ಷ ನಾನು ತೆಗೆದ ಗೂಬೆ ಚಿತ್ರಗಳನ್ನು ಈಗ ತೆರೆದು ನೋಡಿದರೆ ಎರಡೇ ಬಗೆ ಕಾಣುತ್ತವೆ. ಒಂದು, ಕಪ್ಪು ಚೌಕಟ್ಟಿನೊಳಗೆ ಒಂದು ಬಿಳಿ ಗೆರೆ. ಇನ್ನೊಂದರಲ್ಲಿ ಹಕ್ಕಿ ಇದೆ, ಆದರೆ ಅದರ ಮೇಲೆ ಮರಳು ಎರಚಿದ ಹಾಗೆ ನಾಯ್ಸ್. ನಾನು ಬೆನ್ನು ಹತ್ತಿದ್ದು ಕಣಜ ಗೂಬೆಯನ್ನು. ಬೆಳಕು ಇಳಿದ ಮೇಲೆ ಬೇಟೆಗೆ ಹೊರಡುವ ಹಕ್ಕಿ. ಅದು ಹಾರುವಾಗಲೇ ಹಿಡಿಯಬೇಕು ಅಂತ ನನಗೆ ಹಟ. ಶಟರ್ ವೇಗವನ್ನು (ಬೆಳಕಿನ ಬಾಗಿಲು ತೆರೆದು ಮುಚ್ಚುವ ವೇಗ) 1/1000 ಸೆಕೆಂಡಿಗಿಂತ ಕೆಳಗೆ ಇಳಿಸಲು ಮನಸ್ಸೇ ಬರುತ್ತಿರಲಿಲ್ಲ.

ಒಂದು ದಿನ ಕೂತು ಲೆಕ್ಕ ಹಾಕಿದೆ. ಸೂರ್ಯ ಮುಳುಗಿ ಕಾಲು ಗಂಟೆಯಾದ ಮೇಲೆ, ಎಫ್/6.3ರ ಲೆನ್ಸಿನಲ್ಲಿ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ಬೆಳಕು ಬಿಡುತ್ತದೆ) 1/1000 ಸೆಕೆಂಡ್ ಬೇಕೆಂದರೆ ಕ್ಯಾಮೆರಾ 51,200 ಐಎಸ್‌ಒ ಕೇಳುತ್ತಿತ್ತು. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಅಂಕಿ. ಅದೇ ಬೆಳಕಿನಲ್ಲಿ ಶಟರನ್ನು 1/60ಕ್ಕೆ ಇಳಿಸಿದರೆ 3,200 ಸಾಕು. ನಾಲ್ಕು ಸ್ಟಾಪ್ ವ್ಯತ್ಯಾಸ, ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು. ಅಂದರೆ ಸೆನ್ಸರ್ ಮೇಲೆ 16 ಪಟ್ಟು ಜಾಸ್ತಿ ಬೆಳಕು. ಎಷ್ಟು ದುಡ್ಡು ಸುರಿದರೂ ಇಷ್ಟು ಬೆಳಕು ಕೊಡುವ ಲೆನ್ಸ್ ಸಿಗುವುದಿಲ್ಲ. ಎಫ್/6.3 ಬಿಟ್ಟು ಎಫ್/4 ಲೆನ್ಸಿಗೆ ಹೋದರೂ ಸಿಗುವುದು ಎರಡೂವರೆ ಪಟ್ಟು ಮಾತ್ರ.

ಆದರೆ 1/60ರಲ್ಲಿ ಹಕ್ಕಿ ಅಲುಗಬಾರದು. ಹಾಗಾದರೆ ಈ ಹಕ್ಕಿ ಯಾವಾಗ ಅಲುಗದೆ ಇರುತ್ತದೆ? ಈ ಪ್ರಶ್ನೆ ಹೊಳೆದ ಮೇಲೆ ನನ್ನ ಕೆಲಸದ ದಿಕ್ಕೇ ಬದಲಾಯಿತು.

ಕ್ಯಾಮೆರಾ ಚೀಲದಲ್ಲೇ ಬಿಟ್ಟು, ಬೈನಾಕ್ಯುಲರ್ ಮತ್ತು ಒಂದು ಪುಸ್ತಕ ಹಿಡಿದು ಹತ್ತು ಸಂಜೆ ಸುಮ್ನೆ ಕೂತೆ. ಗೂಬೆ ಬೇಲಿಯ ಕಂಬದ ಮೇಲೆ ಬಂದು ಕೂರುತ್ತದೆ. ಕೂತ ತಕ್ಷಣ ತಲೆ ಆಚೆ ಈಚೆ ತಿರುಗಿಸುತ್ತದೆ, ಮೇಲೆ ಕೆಳಗೆ ಆಡಿಸುತ್ತದೆ. ಆಮೇಲೆ ಹುಲ್ಲಿನಲ್ಲಿ ಎಲ್ಲೋ ಸರಕ್ ಎನ್ನುತ್ತದೆ. ತಲೆ ಆ ಕಡೆ ತಿರುಗಿ ಗಕ್ಕನೆ ನಿಲ್ಲುತ್ತದೆ. ಮೈಯಲ್ಲಿ ಒಂದು ಗರಿಯೂ ಅಲುಗುವುದಿಲ್ಲ. ಅರ್ಧ ಸೆಕೆಂಡ್, ಕೆಲವು ಸಲ ಎರಡು ಸೆಕೆಂಡ್.

ಅದು ಕೇಳಿಸಿಕೊಳ್ಳುತ್ತಿರುವ ಹೊತ್ತು. ಕಣಜ ಗೂಬೆಯ ಎರಡು ಕಿವಿಗಳೂ ಒಂದೇ ಮಟ್ಟದಲ್ಲಿಲ್ಲ. ಎಡಗಿವಿ ಬಲಗಿವಿಗಿಂತ ಸ್ವಲ್ಪ ಮೇಲಿದೆ. ಹಾಗಾಗಿ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಅನ್ನುವುದಷ್ಟೇ ಅಲ್ಲ, ಎಷ್ಟು ಕೆಳಗಿನಿಂದ ಬಂತು ಅನ್ನುವುದೂ ಅದಕ್ಕೆ ಗೊತ್ತಾಗುತ್ತದೆ. ಮುಖದ ಆ ಹೃದಯದಾಕಾರದ ತಟ್ಟೆ ಸದ್ದನ್ನು ಕಿವಿಗೆ ಕೂಡಿಸಿಕೊಡುತ್ತದೆ. ಇನ್ನೊಂದು ವಿಷಯ ಫೋಟೋ ತೆಗೆಯುವವರಿಗೆ ಇನ್ನೂ ಮುಖ್ಯ. ಗೂಬೆಗೆ ನಮ್ಮ ಹಾಗೆ ಕಣ್ಣುಗುಡ್ಡೆ ಹೊರಳಿಸಲು ಆಗುವುದಿಲ್ಲ. ಅದಕ್ಕೇ ಅಷ್ಟೊಂದು ಕತ್ತು ತಿರುಗಿಸುವುದು. ತಲೆ ನಿಂತಿತು ಅಂದರೆ ಕಣ್ಣೂ ನಿಂತಿತು. ಕಣ್ಣು ಚೂಪಾಗಿ ಬಂದರೆ ಚಿತ್ರ ಉಳಿಯಿತು, ಅಲ್ವಾ?

ಈಗ ನಾನು ತಲೆ ತಿರುಗುತ್ತಿರುವಾಗ ಬಟನ್ ಮುಟ್ಟುವುದೇ ಇಲ್ಲ. ನಿಂತ ಕೂಡಲೇ ಎಂಟು ಹತ್ತು ಫ್ರೇಮ್ ಒಟ್ಟಿಗೆ ಹೊಡೆಯುತ್ತೇನೆ. ಬೆರಳು ಒತ್ತಿದ ಅದುರಿಗೆ ಮೊದಲ ಒಂದೆರಡು ಹಾಳಾಗುತ್ತವೆ. ಮಧ್ಯದವು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. 1/30ರಲ್ಲೂ ಹತ್ತರಲ್ಲಿ ಎರಡು ಮೂರು ಚೂಪಾಗಿ ಸಿಕ್ಕಿವೆ. ಇದಕ್ಕೆ ಆಧಾರ ಗಟ್ಟಿಯಾಗಿರಬೇಕು. ನಾನು ನೆಲದಲ್ಲಿ ಕೂತು, ಟ್ರೈಪಾಡನ್ನು ಆದಷ್ಟು ತಗ್ಗಿಸಿ, ಲೆನ್ಸ್ ಮೇಲೆ ಎಡಗೈ ಭಾರ ಹಾಕಿ ಕೂರುತ್ತೇನೆ. ಗಾಳಿ ಜೋರಾಗಿದ್ದ ದಿನ ನಿಧಾನ ಶಟರಿನ ಆಸೆ ಬಿಡುತ್ತೇನೆ. ಹಕ್ಕಿಯನ್ನು ದೊಡ್ಡದಾಗಿ ತೋರಿಸಲು ಲೆನ್ಸಿನ ಹಿಂದೆ ಹಾಕುವ 1.4 ಪಟ್ಟಿನ ಟೆಲಿಕನ್ವರ್ಟರ್ ಬೆಳಕನ್ನು ಅರ್ಧಕ್ಕೆ ಇಳಿಸುತ್ತದೆ, ಫೋಕಸನ್ನೂ ನಿಧಾನ ಮಾಡುತ್ತದೆ. ಸಂಜೆಗೆ ಅದು ಬೇಡವೇ ಬೇಡ. ಹಕ್ಕಿ ಚೌಕಟ್ಟಿನಲ್ಲಿ ಚಿಕ್ಕದಾಗಿ ಬಂದರೂ ಪರವಾಗಿಲ್ಲ. ಸುತ್ತಲಿನ ಹುಲ್ಲು, ಮಬ್ಬು, ಕಂಬ ಎಲ್ಲ ಸೇರಿದರೆ ಅದು ಆ ಹಕ್ಕಿಯ ಸಂಜೆಯ ಚಿತ್ರವಾಗುತ್ತದೆ. ನನಗೆ ಅಂಥವೇ ಜಾಸ್ತಿ ಇಷ್ಟ.

ಜಾಗ ಹುಡುಕುವ ಬಗ್ಗೆ ಒಂದಿಷ್ಟು ಹೇಳಬೇಕು. ಹಕ್ಕಿಯನ್ನು ಹುಡುಕಬೇಡಿ, ಅದು ಬಿಟ್ಟುಹೋದ ಗುರುತು ಹುಡುಕಿ. ದಿನಾ ಕೂರುವ ಕಂಬದ ಮೇಲೆ, ಕೊಂಬೆಯ ಕೆಳಗೆ ಸುಣ್ಣ ಚೆಲ್ಲಿದಂಥ ಹಿಕ್ಕೆ ಇರುತ್ತದೆ. ನೆಲದಲ್ಲಿ ಗೂಬೆ ಕಕ್ಕಿದ ಉಂಡೆಗಳು ಸಿಗುತ್ತವೆ. ಬಿಡಿಸಿ ನೋಡಿದರೆ ಇಲಿಯ ಕೂದಲು, ಪುಟ್ಟ ತಲೆಬುರುಡೆ, ಹಲ್ಲು. ಉಂಡೆ ಹಸಿಯಾಗಿ, ಕಪ್ಪಗೆ ಹೊಳೆಯುತ್ತಿದ್ದರೆ ಹಕ್ಕಿ ಇತ್ತೀಚೆಗೆ ಬಂದಿದೆ. ಹಗಲಿನಲ್ಲಾದರೆ ಸಣ್ಣ ಹಕ್ಕಿಗಳ ಗಲಾಟೆಗೆ ಕಿವಿ ಕೊಡಿ. ನಾಲ್ಕಾರು ಹಕ್ಕಿಗಳು ಒಂದೇ ಮರಕ್ಕೆ ಮುಖ ಮಾಡಿ ಕಿರುಚುತ್ತಿದ್ದರೆ ಒಳಗೆ ಗೂಬೆಯೋ ಗಿಡುಗವೋ ಕೂತಿರುವ ಸಾಧ್ಯತೆ ಜಾಸ್ತಿ.

ಹಕ್ಕಿ ಬಂದ ಹೊತ್ತನ್ನು ಗಡಿಯಾರ ನೋಡಿ ಬರೆಯಬೇಡಿ. ಸೂರ್ಯ ಮುಳುಗಿ ಎಷ್ಟು ನಿಮಿಷಕ್ಕೆ ಬಂತು ಅಂತ ಬರೆಯಿರಿ. ನನ್ನ ಪುಸ್ತಕದಲ್ಲಿ ಗಡಿಯಾರದ ಹೊತ್ತು ವಾರವಾರವೂ ಜಾರುತ್ತಿತ್ತು. ಮುಳುಗುವ ಹೊತ್ತಿನಿಂದ ಎಣಿಸಿದ ಮೇಲೆ ಎಲ್ಲ ಒಂದು ಲೆಕ್ಕಕ್ಕೆ ಬಂತು.

ಕೂರುವ ಜಾಗಕ್ಕೆ ಗಾಳಿಯೇ ದಾರಿ ತೋರಿಸುತ್ತದೆ. ಹಕ್ಕಿಗಳು ಕೂರುವುದೂ ಏಳುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಗಾಳಿ ನನ್ನ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿ ನನ್ನ ಕಡೆ ಮುಖ ಮಾಡಿ ಕೂರುತ್ತದೆ. ಇದೊಂದು ಗೊತ್ತಾಗುವ ಮೊದಲು ನನ್ನ ಹತ್ತಿರ ಗಿಡುಗದ ಬೆನ್ನಿನ ಚಿತ್ರಗಳು ರಾಶಿ ಇದ್ದವು.

ಫೋಕಸ್ ವಿಷಯಕ್ಕೆ ಬಂದರೆ, ಕ್ಯಾಮೆರಾಗೆ ಕತ್ತಲಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು. ಬೆಳಕು ನೆರಳು ಕೂಡುವ ಒಂದು ಗೆರೆ ಸಾಕು. ಬಿಳಿ ಎದೆಯ ನಡುವೆ ಅದು ಸಿಗುವುದಿಲ್ಲ, ಮುಖದ ಅಂಚಿನಲ್ಲಿ ಸಿಗುತ್ತದೆ. ಅದಕ್ಕೇ ನಾನು ಒಂದೇ ಫೋಕಸ್ ಪಾಯಿಂಟ್ ಬಳಸುತ್ತೇನೆ. ಇನ್ನೂ ಕತ್ತಲಾದರೆ ಅದೂ ಬೇಡ. ಬೆಳಕಿರುವಾಗಲೇ ಕಂಬದ ತುದಿಗೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ ಬಿಟ್ಟುಬಿಡುತ್ತೇನೆ. ಹಕ್ಕಿ ಬಂದು ಕೂರುವುದು ಅಲ್ಲೇ ತಾನೆ.

ಬೆಳಕಿನ ಲೆಕ್ಕವೂ ಮ್ಯಾನುಯಲ್ಲೇ. ಹಿಂದೆ ಕಪ್ಪು, ಮುಂದೆ ಬಿಳಿ ಹಕ್ಕಿ. ಕ್ಯಾಮೆರಾಗೆ ಬಿಟ್ಟರೆ ಅದು ಕಪ್ಪನ್ನು ಬೆಳಗಿಸಲು ಹೋಗಿ ಎದೆಯ ಗರಿಗಳನ್ನೆಲ್ಲ ಅಳಿಸಿಬಿಡುತ್ತದೆ. ಹಾಗಂತ ಹೆದರಿ ತೀರಾ ಕಡಿಮೆ ಬೆಳಕಿನಲ್ಲೂ ತೆಗೆಯಬೇಡಿ. ಚಿತ್ರದಲ್ಲಿ ನಾಯ್ಸ್ ತುಂಬುವುದು ಮುಖ್ಯವಾಗಿ ಬೆಳಕು ಸಾಲದ್ದಕ್ಕೆ. ಐಎಸ್‌ಒ ಅಂಕಿ ನೋಡಿ ಹೆದರಿ ಕಪ್ಪಗೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ನೆರಳಿನ ಭಾಗವೆಲ್ಲ ಬಣ್ಣಬಣ್ಣದ ಚುಕ್ಕೆ. ಕಣ್ಣು ಕತ್ತಲಿಗೆ ಹೊಂದಿಕೊಂಡಿರುವುದರಿಂದ ಹಿಂದಿನ ಪರದೆಯಲ್ಲಿ ಎಲ್ಲ ಚಿತ್ರವೂ ಬೆಳಗಾಗಿ ಕಾಣುತ್ತದೆ. ಮನೆಗೆ ಬಂದು ನೋಡಿದರೆ ಎರಡು ಸ್ಟಾಪ್ ಕಡಿಮೆ! ಚಿತ್ರದಲ್ಲಿ ಕಪ್ಪು ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ಹಿಸ್ಟೋಗ್ರಾಂ ನಕ್ಷೆ ಒಂದನ್ನೇ ನಂಬಿ. ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ಬಿಟ್ಟು ಬೇರೆ ಯಾವುದರಲ್ಲೂ ತೆಗೆಯಬೇಡಿ.

ಹಾರುವ ಚಿತ್ರದ ಆಸೆ ನನಗೆ ಹೋಗಿಲ್ಲ. ಅದನ್ನು ಪಡುವಣದ ಆಕಾಶಕ್ಕೆ ಬದಲಾಯಿಸಿಕೊಂಡೆ. ನೆಲ ಕಪ್ಪಾದ ಮೇಲೂ ಸೂರ್ಯ ಮುಳುಗಿದ ಕಡೆ ಸುಮಾರು ಹೊತ್ತು ಬೆಳಕು ಉಳಿದಿರುತ್ತದೆ. ಆಕಾಶಕ್ಕೆ ಹೊಂದಿಸಿ 1/500ರಲ್ಲಿ ತೆಗೆದರೆ ರೆಕ್ಕೆ ಬಿಚ್ಚಿದ ಗಿಡುಗದ ಕಪ್ಪು ಆಕಾರ ಅಚ್ಚು ಹೊಡೆದ ಹಾಗೆ ಬರುತ್ತದೆ. ಏಳುವ ಕ್ಷಣವೂ ಮೊದಲೇ ಗೊತ್ತಾಗುತ್ತದೆ. ಹಕ್ಕಿ ಮೈ ಮುಂದಕ್ಕೆ ಬಾಗಿಸುತ್ತದೆ, ಬಹಳ ಸಲ ಹಿಕ್ಕೆ ಹಾಕುತ್ತದೆ, ಮರುಕ್ಷಣ ಹಾರುತ್ತದೆ.

ನೋವಾದ ಒಂದು ಸಂಜೆಯನ್ನೂ ಹೇಳಬೇಕು. ಹೊಸ ಕ್ಯಾಮೆರಾ ತಂದಿದ್ದೆ. ಫೋಕಸ್‌ಗೆ ನೆರವಾಗಲು ಮುಂದೆ ಒಂದು ಕಿತ್ತಳೆ ದೀಪ ಹೊತ್ತಿಕೊಳ್ಳುತ್ತದೆ ಅನ್ನುವುದನ್ನು ನಾನು ಗಮನಿಸಿರಲಿಲ್ಲ. ಬಟನ್ ಅರ್ಧ ಒತ್ತಿದೆ, ದೀಪ ನೇರ ಗೂಬೆಯ ಮುಖಕ್ಕೆ ಬಿತ್ತು. ಅದು ಕಂಬ ಬಿಟ್ಟು ಹೋಯಿತು. ಮುಂದಿನ ಆರು ಸಂಜೆ ಬರಲಿಲ್ಲ. ಅದು ಬೇಟೆಯಾಡುತ್ತಿದ್ದ ಜಾಗ ನನ್ನಿಂದ ತಪ್ಪಿತಲ್ಲ ಅಂತ ಆ ವಾರವೆಲ್ಲ ಸಂಕಟಪಟ್ಟೆ. ಆ ದೀಪ, ಬೀಪ್ ಸದ್ದು, ಚಿತ್ರ ತೆಗೆದ ಕೂಡಲೇ ಬೆಳಗುವ ಪರದೆ, ಮೂರನ್ನೂ ಹೊರಡುವ ಮುಂಚೆ ಆಫ್ ಮಾಡಿ. ಫ್ಲ್ಯಾಶ್ ನಾನು ಒಯ್ಯುವುದೇ ಇಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಕೂತ ಹಕ್ಕಿಗೆ ಒಳ್ಳೆಯದು. ರೆಕ್ಕೆ ಬಡಿಯುವಾಗ ಕೆಲವು ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟಗಾಗಿ ಬರುತ್ತದೆ, ನಿಮ್ಮದರಲ್ಲಿ ಮೊದಲೇ ಪರೀಕ್ಷೆ ಮಾಡಿಕೊಳ್ಳಿ.

ಗೂಡಿನ ಹತ್ತಿರ ನಾನು ಕೂರುವುದಿಲ್ಲ. ಕೂಗು ಕೇಳಿಸಿ ಕರೆಯುವುದು, ಇಲಿ ಕಟ್ಟಿ ಆಸೆ ತೋರಿಸುವುದು, ಎರಡೂ ಬೇಡ. ಜಾಗ ಎಲ್ಲಿ ಅಂತ ಯಾರು ಕೇಳಿದರೂ ಹೇಳುವುದಿಲ್ಲ. ಕೂತ ಗೂಬೆ ಮೈ ಸಪೂರ ಮಾಡಿಕೊಂಡು ನೆಟ್ಟಗಾದರೆ, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರೆ, ಅದಕ್ಕೆ ನಾನಿರುವುದು ಹಿಡಿಸುತ್ತಿಲ್ಲ. ಆಗ ಕೈ ಕೆಳಗಿಳಿಸುತ್ತೇನೆ.

ಕಂಪ್ಯೂಟರಿನ ಮುಂದೆ ಜಾಸ್ತಿ ಹೊತ್ತು ಕಳೆಯುವುದಿಲ್ಲ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಈಗ ಚೆನ್ನಾಗಿದೆ, ಆದರೆ ಪೂರ್ತಿ ಎಳೆದರೆ ಗರಿ ಹೋಗಿ ಪ್ಲಾಸ್ಟಿಕ್ ಬೊಂಬೆ ಉಳಿಯುತ್ತದೆ. ಹಕ್ಕಿ ನಿಜಕ್ಕೂ ಅಲುಗದೆ ಕೂತಿದ್ದರೆ ನನ್ನದು ಬೇರೆ ದಾರಿ. ಒಂದೇ ಸಾಲಿನ ನಾಲ್ಕು ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆಯುತ್ತೇನೆ. ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ, ಗರಿಯ ಒಂದು ಎಳೆಯೂ ಅಳಿಸುವುದಿಲ್ಲ. ಕೇಳಿಸಿಕೊಳ್ಳುತ್ತಾ ಕಲ್ಲಿನಂತೆ ಕೂತ ಗೂಬೆಯಲ್ಲಿ ಮಾತ್ರ ಇದು ಸಾಧ್ಯವಾಗಿದೆ.

ಕೊನೆಗೆ ಎದ್ದು ಬರುವ ಹೊತ್ತು. ಹಕ್ಕಿ ಕಂಬದಲ್ಲಿ ಇರುವ ತನಕ ನಾನು ಏಳುವುದಿಲ್ಲ, ಬೆಳಕು ಪೂರ್ತಿ ಹೋಗಿದ್ದರೂ ಸರಿ. ಅದು ತಾನಾಗಿ ಹಾರಿದ ಮೇಲೆ ಇನ್ನೂ ಹತ್ತು ನಿಮಿಷ ಕಾದು, ಅದು ಹೋದ ದಿಕ್ಕು ಬಿಟ್ಟು ಬೇರೆ ದಾರಿಯಲ್ಲಿ ನಡೆಯುತ್ತೇನೆ. ತಣ್ಣಗಾದ ಲೆನ್ಸನ್ನು ಅಲ್ಲೇ ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತೇನೆ. ಬೆಚ್ಚಗಿನ ಕೋಣೆಗೆ ಬಂದು ತಕ್ಷಣ ತೆರೆದರೆ ಗಾಜಿನ ಮೇಲೆಲ್ಲ ನೀರು ಕಟ್ಟುತ್ತದೆ. ಒಂದೆರಡು ಗಂಟೆ ಚೀಲ ಹಾಗೇ ಇರಲಿ. ಅಷ್ಟರಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ: ಸೂರ್ಯ ಮುಳುಗಿ 22 ನಿಮಿಷಕ್ಕೆ ಬಂತು, ಎರಡನೇ ಕಂಬ, ಗಾಳಿ ಬೆನ್ನಿಗೆ, ತಲೆ ಐದು ಸಲ ನಿಂತಿತು.