ರೆಕ್ಕೆ ಒಂದೇ, ಜಾತಿ ಬೇರೆ: ವರ್ಣತಂತು ಎಣಿಸಿ ಚಿಟ್ಟೆ ಗುರುತಿಸುವುದು ಹೇಗೆ?

ಯುರೋಪಿನ ಕಾಡಂಚಿನಲ್ಲಿ ಲೆಪ್ಟಿಡಿಯಾ ಎಂಬ ತೆಳ್ಳನೆಯ ಬಿಳಿ ಚಿಟ್ಟೆಗಳು ಹಾರಾಡುತ್ತವೆ. ಅವುಗಳಲ್ಲಿ ಸಿನಾಪಿಸ್, ರಿಯಾಲಿ, ಜುವೆರ್ನಿಕಾ ಎಂಬ ಮೂರು ಪ್ರಭೇದಗಳನ್ನು ರೆಕ್ಕೆ ನೋಡಿ ಬೇರೆ ಮಾಡಲು ಆಗುವುದೇ ಇಲ್ಲ. 1980ರ ದಶಕದ ಕೊನೆಯವರೆಗೂ ಮೂರಕ್ಕೂ ಒಂದೇ ಹೆಸರಿತ್ತು. ಆಮೇಲೆ ಜನನಾಂಗದ ಉದ್ದ ಅಳೆದು ರಿಯಾಲಿಯನ್ನು ಬೇರೆ ಮಾಡಿದರು. ಆ ರಿಯಾಲಿಯೊಳಗೇ ಇನ್ನೊಂದು ಪ್ರಭೇದ ಅಡಗಿತ್ತು! ಅದು ಗೊತ್ತಾಗಿದ್ದು 2011ರಲ್ಲಿ, ಡಿಎನ್‌ಎ ಮತ್ತು ವರ್ಣತಂತು ಎರಡನ್ನೂ ನೋಡಿದಾಗ. ಅದೇ ಜುವೆರ್ನಿಕಾ.

ವರ್ಣತಂತು ಎಂದರೆ ಕ್ರೋಮೋಸೋಮ್. ಅದನ್ನು ಎಣಿಸುವುದು ಹೀಗೆ.

ಗಂಡು ಚಿಟ್ಟೆ ಬೇಕು, ಅದೂ ತಾಜಾ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಮಾತ್ರ ವರ್ಣತಂತುಗಳು ದಪ್ಪಗಾಗಿ, ಬಿಡಿಬಿಡಿಯಾಗಿ ಕಾಣುತ್ತವೆ. ವೀರ್ಯಾಣು ತಯಾರಾಗುವ ವೃಷಣದಲ್ಲಿ ಇಂಥ ಕೋಶಗಳು ಸಿಗುತ್ತವೆ. ಪೆಟ್ಟಿಗೆಯಲ್ಲಿ ಒಣಗಿಸಿಟ್ಟ ಹಳೆಯ ಚಿಟ್ಟೆಯಿಂದ ಈ ಕೆಲಸ ಆಗುವುದಿಲ್ಲ. ಇಲ್ಲಿ ಒಂದು ಜೀವ ಹೋಗುತ್ತದೆ, ಹಾಗಾಗಿ ಸುಮ್ನೆ ಕುತೂಹಲಕ್ಕೆ ಮಾಡುವ ಕೆಲಸ ಇದಲ್ಲ. ನಮ್ಮ ದೇಶದಲ್ಲಂತೂ ಹಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವುಗಳನ್ನು ಅನುಮತಿಯಿಲ್ಲದೆ ಹಿಡಿಯುವಂತಿಲ್ಲ.

ವೃಷಣವನ್ನು ದ್ರಾವಣಕ್ಕೆ ಹಾಕಿ. ಹೊಟ್ಟೆ ಸೀಳಿ ತೆಗೆದ ತಕ್ಷಣ, 3 ಪಾಲು ಎಥನಾಲ್‌ಗೆ 1 ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಮುಳುಗಿಸಬೇಕು. ಕೋಶ ಆ ಕ್ಷಣ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ತಡ ಮಾಡಿದರೆ ಕೆಟ್ಟಿತು. ಬೆಟ್ಟದಲ್ಲಿ ಚಿಟ್ಟೆ ಹುಡುಕುವವರು ಸೀಸೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುವುದು ಇದಕ್ಕೇ.

ಬಣ್ಣ ಹಾಕಿ, ಒತ್ತಿ. ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಆರ್ಸೀನ್ ಎಂಬ ಬಣ್ಣದಲ್ಲಿ ಅದನ್ನು ನೆನೆಯಲು ಬಿಡುತ್ತಾರೆ. ಕೆಲವು ಲ್ಯಾಬ್‌ಗಳಲ್ಲಿ ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆಮೇಲೆ ಸ್ಲೈಡ್ ಮೇಲಿಟ್ಟು, ಕವರ್ ಸ್ಲಿಪ್ ಮುಚ್ಚಿ ಮೆಲ್ಲಗೆ ಒತ್ತಬೇಕು. ಕೋಶಗಳು ಒಂದೇ ಪದರವಾಗಿ ಹರಡಿಕೊಳ್ಳಬೇಕು. ಜಾಸ್ತಿ ಒತ್ತಿದರೆ ಒಂದು ಕೋಶದ ವರ್ಣತಂತು ಪಕ್ಕದ ಕೋಶಕ್ಕೆ ಸೇರಿ ಲೆಕ್ಕ ತಪ್ಪುತ್ತದೆ.

ಎಣಿಸಿ. ಮನುಷ್ಯರ ವರ್ಣತಂತುವಿಗೆ ನಡುವೆ ಸೊಂಟದಂಥ ಒಂದು ಜಾಗ ಇರುತ್ತದೆ. ಕೋಶ ಒಡೆಯುವಾಗ ಎಳೆದುಕೊಳ್ಳಲು ಅದೇ ಹಿಡಿ. ಚಿಟ್ಟೆಯ ವರ್ಣತಂತುವಿಗೆ ಹಾಗೆ ಒಂದೇ ಹಿಡಿ ಇಲ್ಲ, ಉದ್ದಕ್ಕೂ ಹಿಡಿಯೇ. ಹಾಗಾಗಿ ಅದು ಎರಡಾಗಿ ತುಂಡಾದರೂ ಎರಡೂ ತುಂಡುಗಳು ಮುಂದಿನ ಕೋಶಕ್ಕೆ ಹೋಗಬಲ್ಲವು. ಚಿಟ್ಟೆಗಳಲ್ಲಿ ಸಂಖ್ಯೆ ಇಷ್ಟು ಬದಲಾಗಲು ಇದೂ ಒಂದು ಕಾರಣ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಬರೀ ಚುಕ್ಕಿಗಳು. ವೃಷಣದ ಕೋಶದ ಮೊದಲ ವಿಭಜನೆಯಲ್ಲಿ ವರ್ಣತಂತುಗಳು ಜೋಡಿಯಾಗಿ ಕೂತಿರುತ್ತವೆ, ಹಾಗಾಗಿ ಒಂದು ಚುಕ್ಕಿ ಎಂದರೆ ಒಂದು ಜೋಡಿ. ಒಂದೇ ಕೋಶ ಎಣಿಸಿ ತೀರ್ಮಾನಕ್ಕೆ ಬರಬೇಡಿ. ಚುಕ್ಕಿಗಳು ಒಂದರ ಮೇಲೊಂದು ಬೀಳದ ಹಲವು ಕೋಶಗಳನ್ನು ಆರಿಸಿ ಎಣಿಸಿ.

ಈಗ ಹೋಲಿಸಿ. ರಿಯಾಲಿಯಲ್ಲಿ ಸುಮಾರು 26 ಜೋಡಿ, ಜುವೆರ್ನಿಕಾದಲ್ಲಿ 40ರ ಆಸುಪಾಸು. ಜನನಾಂಗ ಅಳೆದರೂ ಬೇರೆಯಾಗದ ಈ ಎರಡು, ಚುಕ್ಕಿ ಎಣಿಸಿದರೆ ಥಟ್ಟನೆ ಬೇರೆಯಾಗುತ್ತವೆ. ನನಗೆ ಈ ವಿಧಾನದಲ್ಲಿ ಅತ್ಯಂತ ಸುಂದರ ಎನಿಸುವ ಘಳಿಗೆ ಇದೇ.

ಆದರೆ ಸಿನಾಪಿಸ್ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ. ಕಝಾಕಿಸ್ತಾನದ ಸಿನಾಪಿಸ್‌ನಲ್ಲಿ ಒಟ್ಟು 56 ವರ್ಣತಂತುಗಳಿದ್ದರೆ (ಅಂದರೆ 28 ಜೋಡಿ), ಸ್ಪೇನಿನದರಲ್ಲಿ 106 (53 ಜೋಡಿ). ಹೆಚ್ಚುಕಮ್ಮಿ ದುಪ್ಪಟ್ಟು ಅಲ್ವಾ? ಆದರೂ ಎರಡೂ ಒಂದೇ ಪ್ರಭೇದ. ಲ್ಯಾಬಿನಲ್ಲಿ ಇವೆರಡನ್ನು ಕೂಡಿಸಿದಾಗ ಹುಟ್ಟಿದ ಮರಿಗಳೂ ಮುಂದೆ ಸಂತಾನ ಪಡೆದವು. ನಡುವಿನ ಪ್ರದೇಶಗಳಲ್ಲಿ ಸಂಖ್ಯೆಯೂ ನಡುವಿನದೇ, ಹಾಗಾಗಿ ಸಿನಾಪಿಸ್‌ನಲ್ಲೂ 40 ಜೋಡಿ ಸಿಗಬಹುದು. ಆದ್ದರಿಂದ ಮೊದಲು ಜನನಾಂಗ ಅಳೆದು ಸಿನಾಪಿಸ್ ಅನ್ನು ಪಕ್ಕಕ್ಕಿಡಬೇಕು. ಅಲ್ಲಿ ಉದ್ದ ಕಡಿಮೆ. ಉಳಿದೆರಡರ ನಡುವೆ ಮಾತ್ರ ಎಣಿಕೆಯನ್ನು ನಂಬಬಹುದು.

ಇನ್ನೊಂದು ಮಾತು. ಚಿಟ್ಟೆಗಳಲ್ಲಿ ತುಂಬಾ ಸಾಮಾನ್ಯವಾದ ಸಂಖ್ಯೆ 31 ಜೋಡಿ. ಎದುರಿಗಿರುವ ಎರಡೂ ಚಿಟ್ಟೆಗಳಲ್ಲಿ 31 ಬಂದರೆ ಅವು ಒಂದೇ ಎಂದು ಬರೆದುಬಿಡಬೇಡಿ. ಪ್ರತಿ ಚಿಟ್ಟೆಯ ರೆಕ್ಕೆ, ಕಾಲು, ಉಳಿದ ದೇಹವನ್ನು ಸೀಸೆಯ ಮೇಲಿನ ನಂಬರನ್ನೇ ಹಾಕಿ ಡಿಎನ್‌ಎ ಪರೀಕ್ಷೆಗೆ ತೆಗೆದಿಡಿ. ಹಿಡಿದ ಜಾಗ, ದಿನಾಂಕ ಎರಡನ್ನೂ ಅದರ ಮೇಲೆ ಬರೆಯಿರಿ.