ಬ್ಯಾಂಕ್ 'ಅಪ್ರೂವ್ಡ್' ಅಂದ ಕೂಡಲೇ ಅಂಗಡಿ ಲೀಸ್‌ಗೆ ಸಹಿ ಹಾಕಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಅಮೆರಿಕಕ್ಕೆ ಬಂದು ಹೋಟೆಲೋ ಅಂಗಡಿಯೋ ಇಡಲು ಹೊರಟವರಿಗೆ ಇದು. ಕ್ರೆಡಿಟ್ ಸ್ಕೋರ್, ಎಲ್‌ಎಲ್‌ಸಿ ಅಂತ ಕಂಪನಿ ಮಾಡಿಸುವ ವಿಷಯ ನಿಮಗೆ ಗೊತ್ತೇ ಇರುತ್ತೆ, ಬಿಡಿ. ನನ್ನ ದುಡ್ಡು ಹೋದದ್ದು ಬೇರೆ ಕಡೆ.

ಸಣ್ಣ ವ್ಯಾಪಾರಕ್ಕೆ ಇಲ್ಲಿ ತುಂಬಾ ಜನ ಎಸ್‌ಬಿಎ 7ಎ ಸಾಲ ಹುಡುಕುತ್ತಾರೆ. ಎಸ್‌ಬಿಎ ಅಂದರೆ ಸಣ್ಣ ವ್ಯಾಪಾರಗಳಿಗಾಗಿ ಇರುವ ಇಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆ. ಹಣ ಬ್ಯಾಂಕಿನದು, ಗ್ಯಾರಂಟಿ ಕೇಂದ್ರ ಸರ್ಕಾರದ್ದು. ಸಾಮಾನ್ಯವಾಗಿ 1.5 ಲಕ್ಷ ಡಾಲರ್‌ವರೆಗಿನ ಸಾಲಕ್ಕೆ 85%, ಅದಕ್ಕಿಂತ ದೊಡ್ಡ ಸಾಲಕ್ಕೆ 75%. ಗ್ಯಾರಂಟಿ ಇಲ್ಲದೆ ಹೊಸಬರಿಗೆ ಬ್ಯಾಂಕ್ ಸುಲಭಕ್ಕೆ ಕೈ ಬಿಚ್ಚುವುದಿಲ್ಲ. ಆದರೆ ಕಾಂಗ್ರೆಸ್‌ನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಜಗಳವಾಗಿ ಬಜೆಟ್‌ಗೆ ಒಪ್ಪಿಗೆ ಸಿಗದಿದ್ದರೆ ಎಸ್‌ಬಿಎ ಕಚೇರಿ ಮುಚ್ಚುತ್ತೆ, ಹೊಸ ಗ್ಯಾರಂಟಿ ನಿಂತುಬಿಡುತ್ತೆ. ಇದನ್ನೇ ಶಟ್‌ಡೌನ್ ಅಂತಾರೆ.

2018ರ ಡಿಸೆಂಬರ್. ನ್ಯೂಜೆರ್ಸಿಯಲ್ಲಿ ಬೆಣ್ಣೆದೋಸೆ ಹೋಟೆಲ್ ಇಡಬೇಕು ಅಂತ ಆಸೆ. ಬ್ಯಾಂಕಿನವರು ಫೋನ್ ಮಾಡಿ 'ಅಪ್ರೂವ್ಡ್' ಅಂದರು. ಮರುದಿನವೇ ಲೀಸ್‌ಗೆ ಸಹಿ ಹಾಕಿ ಮೂರು ತಿಂಗಳ ಬಾಡಿಗೆ ಕಟ್ಟಿದೆ. 22ಕ್ಕೆ ಶಟ್‌ಡೌನ್ ಶುರುವಾಯಿತು, 35 ದಿನ ನಡೆಯಿತು. ಬ್ಯಾಂಕಿನ ಒಪ್ಪಿಗೆ ಬೇರೆ, ಗ್ಯಾರಂಟಿ ಮಂಜೂರಾದಾಗ ಬೀಳುವ ಎಸ್‌ಬಿಎ ಲೋನ್ ನಂಬರ್ ಬೇರೆ ಅಂತ ನನಗೆ ತಿಳಿದದ್ದು ಆಗಲೇ. ಮೊದಲೇ ನಂಬರ್ ಬಿದ್ದಿದ್ದ ಫೈಲುಗಳಿಗೆ ಹಣ ಸಿಗುವ ದಾರಿ ಇತ್ತು. ನನ್ನದಕ್ಕೆ ಬಿದ್ದಿರಲಿಲ್ಲ. ಗ್ರೈಂಡರ್ ಪೆಟ್ಟಿಗೆ ಬಿಚ್ಚದೆ ಗೋಡೆಗೆ ಒರಗಿ ನಿಂತಿತ್ತು, ಖಾಲಿ ಅಂಗಡಿಗೆ ಬಾಡಿಗೆ ಓಡುತ್ತಿತ್ತು. ಕಾಂಟ್ರಾಕ್ಟರ್ ಬೇರೆ ಕೆಲಸ ಹಿಡಿದ. ಅವನಿಗೆ ಕೊಟ್ಟ ಮುಂಗಡ ವಾಪಸ್ ಬರಲೇ ಇಲ್ಲ.

ಊರಲ್ಲಿ ಸರ್ಕಾರ ಬಿದ್ದರೂ ಮಂಡಿಪೇಟೆಯಲ್ಲಿ ಬ್ಯಾಂಕ್ ಬಾಗಿಲು ತೆರೆದೇ ಇರುತ್ತೆ, ಮುದ್ರಾ ಅರ್ಜಿ ತಗೊಳ್ತಾರೆ. ಚುನಾವಣೆ ಬಂದರೆ ಲೇಖಾನುದಾನ ತೆಗೆದುಕೊಂಡು ಖರ್ಚು ನಡೆಸುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು.

2025ರ ಅಕ್ಟೋಬರ್ 1ರಿಂದ ಮತ್ತೆ 43 ದಿನ ಬಂದ್. ಚಳ್ಳಕೆರೆಯ ಹುಡುಗನೊಬ್ಬ ಲೀಸ್ ಕಾಗದ ಹಿಡಿದು ನಮ್ಮ ಮನೆಗೆ ಬಂದ. ಥೇಟ್ ನನ್ನದೇ ಕತೆ. ಅವನ ಮುಖ ನೋಡಿ ಕರುಳು ಚುರ್ ಅಂದಿತು. ಯಾರೂ ಹೇಳಿರಲಿಲ್ಲ ಅವನಿಗೆ.

ಬ್ಯಾಂಕಿನವರು ಲೀಸ್ ತೋರಿಸಿ ಅಂತಾರೆ, ನಿಜ. ಆದರೆ ಅದರಲ್ಲಿ ಎರಡು ಸಾಲು ಬರೆಸಿ: ಸಾಲದ ಹಣ ಬಂದ ಮೇಲೆಯೇ ಬಾಡಿಗೆ ಶುರು, ಇಂಥ ದಿನದೊಳಗೆ ಸಾಲ ಬರದಿದ್ದರೆ ಲೀಸ್ ರದ್ದು, ಡೆಪಾಸಿಟ್ ವಾಪಸ್. ಮಾಲೀಕ ಒಪ್ಪಲಿಲ್ವಾ? ಬೇರೆ ಅಂಗಡಿ ನೋಡಿ. ಲೋನ್ ನಂಬರ್ ಬರಹದಲ್ಲಿ ಕೈಗೆ ಬರುವವರೆಗೆ ಕಾಂಟ್ರಾಕ್ಟರ್‌ಗೂ ಮುಂಗಡ ಬೇಡ.

ಇಲ್ಲಿನ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ. ಅಷ್ಟರೊಳಗೆ ಬಜೆಟ್‌ಗೆ ಒಪ್ಪಿಗೆ ಸಿಗದಿದ್ದರೆ ಶಟ್‌ಡೌನ್. ತಾತ್ಕಾಲಿಕ ಬಜೆಟ್ ಮಸೂದೆ ಪಾಸಾದರೆ ಗಡುವು ಮುಂದಕ್ಕೆ ಹೋಗುತ್ತೆ, ಅಷ್ಟೇ; ಆ ಹೊಸ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಐಆರ್‌ಎಸ್ (ಇಲ್ಲಿನ ತೆರಿಗೆ ಇಲಾಖೆ) ಟ್ರಾನ್ಸ್‌ಕ್ರಿಪ್ಟ್‌ಗಳನ್ನು, ಅಂದರೆ ನಿಮ್ಮ ತೆರಿಗೆ ದಾಖಲೆಯ ಪ್ರತಿಗಳನ್ನು, ಮುಂಚೆಯೇ ತರಿಸಿಡಿ. 2018ರ ಶಟ್‌ಡೌನ್‌ನಲ್ಲಿ ಮೊದಮೊದಲು ಅವೂ ಸಿಗುತ್ತಿರಲಿಲ್ಲ.